ಇಪ್ಪತ್ತಮೂರನೆಯ ಮೂಗು

ಆಂಟಾಪ್ ಹಿಲ್, ಮುಂಬಯಿ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಗಳು ಯಕ್ಷಿತಾಳಿಗೆ ಪಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಸುಖವಾಗಿದ್ದೇವೆ. ಅಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತದೆ ಎಂದು ನೀನು ಹೇಳಿದ್ದೇ ತಡ, ನಿನ್ನ ಅಮ್ಮ ದಿನಾ ಮೂರು ಗಂಟೆಗೆ ಗಡಿಯಾರ ನೋಡಿ "ಈಗ ಅವಳಿಗೆ ಕತ್ತಲಾಯಿತು" ಅನ್ನುತ್ತಾಳೆ. ಅಲ್ಲಿಯ ಮೂರು ಅಂದರೆ ಇಲ್ಲಿ ಏಳೂವರೆ ಎಂದು ತಿಲಕ ಹೇಳಿ ಹೇಳಿ ಸುಸ್ತಾಗಿದ್ದಾನೆ. ಚಂಪಾ ಒಪ್ಪುವುದಿಲ್ಲ. ಮೂರು ಅಂದರೆ ಮೂರೇ ಅಂತೆ.

ಪತ್ರ ತಡವಾದದ್ದಕ್ಕೆ ಬೇಸರ ಮಾಡಬೇಡ. "ತಿಂಗಳಿಗೊಂದು ಕನ್ನಡ ಪತ್ರ ಬರೆಯಿರಿ ಪಪ್ಪಾ, ಇಲ್ಲದಿದ್ದರೆ ನಾನು ಓದುವುದನ್ನೇ ಮರೆತುಬಿಡುತ್ತೇನೆ" ಎಂದು ಹೇಳಿ ಹೋದವಳು ನೀನು. ಸೆಪ್ಟೆಂಬರಿನಲ್ಲಿ ಬರೆದೆ. ಅಕ್ಟೋಬರಿನದು ದೀಪಾವಳಿಯ ಗಡಿಬಿಡಿಯಲ್ಲಿ ತಪ್ಪಿತು. ಈ ತಿಂಗಳಿನದನ್ನು ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದೆ. ಇದು ಮೂರನೆಯದು. ಅಂಚೆಗೆ ಹಾಕಿದರೆ ಯಾವಾಗ ಮುಟ್ಟುತ್ತದೋ ಗೊತ್ತಿಲ್ಲ, ಹಾಗಾಗಿ ತಿಲಕನ ಹತ್ತಿರ ಫೋಟೋ ತೆಗೆಸಿ ಕಳಿಸುತ್ತೇನೆ. "ಪಪ್ಪಾ, ವಾಯ್ಸ್ ನೋಟ್ ಭೇಜ್ ದೋ ನಾ, ಇಷ್ಟೆಲ್ಲ ಬರೆಯೋದು ಕಾಯ್ಕೋ?" ಎಂದು ಅವನ ಗೊಣಗಾಟ. ಅವನಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ದುಃಖ ನನಗೆ ಇಷ್ಟು ವರ್ಷ ಇತ್ತು. ಈ ಪತ್ರದ ಮಟ್ಟಿಗೆ ಅದೇ ದೊಡ್ಡ ಉಪಕಾರ. ಅಕ್ಷರ ಸ್ವಲ್ಪ ಸಣ್ಣದಾಗಿದೆ. ಫೋನಿನಲ್ಲಿ ಬೆರಳಿಟ್ಟು ದೊಡ್ಡದು ಮಾಡಿಕೊಂಡು ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ನಿನ್ನ ಫೋನು ಬಂದ ಕೂಡಲೇ ನಿನ್ನ ಅಮ್ಮ ಸ್ಪೀಕರ್ ಹಾಕಿ ಚಪಾತಿ ಮಣೆಯ ಮೇಲೆ ಇಟ್ಟುಬಿಡುತ್ತಾಳೆ. ಮನೆಯಲ್ಲಿ ಇದ್ದವರೆಲ್ಲ ಒಟ್ಟಿಗೆ ಮಾತನಾಡುತ್ತಾರೆ. ಅಲ್ಲಿ ಹೇಳುವ ಮಾತಲ್ಲ ಇದು.

ಮೊದಲು ಸುದ್ದಿ ಮುಗಿಸುತ್ತೇನೆ. ತಿಲಕನ ಕೆಲಸ ಪಕ್ಕಾ ಆಯಿತು. ಅವನ ಆಫೀಸೂ ನನ್ನ ಕ್ಯಾಂಟೀನೂ ವಿಕ್ರೋಳಿಯಲ್ಲೇ ಆದ್ದರಿಂದ ಕೆಲವು ಸಂಜೆ ಅಪ್ಪ ಮಗ ಒಂದೇ ಲೋಕಲಿನಲ್ಲಿ ಸಯನ್‌ಗೆ ಬಂದು ಇಳಿಯುತ್ತೇವೆ. ಅವನು ಬಾಗಿಲಿನಲ್ಲಿ ನೇತಾಡುತ್ತಾನೆ, ನಾನು ಒಳಗೆ ನಿಂತು ಬೈಯುತ್ತೇನೆ. ನಮ್ಮ ಬಿಲ್ಡಿಂಗಿನ ಲಿಫ್ಟ್ ಮತ್ತೆ ಕೆಟ್ಟಿದೆ. ನೀನು ಇರುವ ಊರಿನ ಹೆಸರು ಕ್ಯಾಂಟೀನಿನಲ್ಲಿ ನನ್ನ ಜೊತೆಗಿರುವ ನಿನ್ನ ಸೀನ ಮಾಮನಿಗೆ ಇನ್ನೂ ಬಾಯಿಗೆ ಬಂದಿಲ್ಲ. ಉಪ್ಸಾಲಾ ಎಂದು ನಾನು ಎಷ್ಟು ಸಲ ಹೇಳಿದರೂ "ನಿನ್ನ ಮಗಳು ಉಪ್ಪುಸಾಲದಲ್ಲಿ ಹೇಗಿದ್ದಾಳೆ ಮಾರಾಯ?" ಎಂದೇ ಕೇಳುತ್ತಾನೆ.

ಕ್ಯಾಂಟೀನಿನಲ್ಲಿ ಕಳೆದ ತಿಂಗಳು ಎರಡು ಸಲ ಸಾಂಬಾರು ತಳ ಹಿಡಿದಿದೆ ಎಂದು ದೂರು ಬಂತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿನಗೆ ಗೊತ್ತಲ್ಲ, ನಮ್ಮ ಕಸುಬಿನಲ್ಲಿ ಬಡಿಸುವ ಮೊದಲು ನಾಲಗೆಗೆ ಹಾಕಿ ನೋಡುವ ಪದ್ಧತಿ ಇಲ್ಲ. ಎಂಜಲಾಗುತ್ತದೆ. ದೇವಸ್ಥಾನದ ಅಡಿಗೆಯಲ್ಲಿ ಕಲಿತದ್ದನ್ನು ಕಂಪನಿ ಕ್ಯಾಂಟೀನಿನಲ್ಲೂ ಬಿಟ್ಟಿಲ್ಲ. ಮುಚ್ಚಳ ತೆಗೆದು ಒಮ್ಮೆ ಉಸಿರು ಎಳೆದುಕೊಂಡರೆ ಉಪ್ಪು ಕಮ್ಮಿಯೋ, ಹುಳಿ ಹೆಚ್ಚೋ, ಬೇಳೆ ಹಸಿಯೋ ತಿಳಿಯಬೇಕು. ಅದಕ್ಕೇ ಅಲ್ಲವೇ ನನ್ನನ್ನು ಎಲ್ಲರೂ ಮೂಗಿನ ಮೋನಪ್ಪ ಅನ್ನುವುದು. ಹಾಗಿರುವಾಗ ತಳ ಹಿಡಿದದ್ದು ಹೊರಗೆ ಹೋದದ್ದು ಹೇಗೆ? ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದೆ. ಸೀನ ಮಾತ್ರ ಕೊತ್ತಂಬರಿ ಕತ್ತರಿಸುತ್ತಾ ನಿಂತಿದ್ದ.

ಈಗ ವಿಷಯಕ್ಕೆ ಬರುತ್ತೇನೆ. ನವೆಂಬರ್ ಎರಡರ ನಿನ್ನ ಫೋನಿನ ವಿಷಯ. ಆ ದಿನ ನೀನು ಎಷ್ಟು ಖುಷಿಯಲ್ಲಿದ್ದೆ! "ಪಪ್ಪಾ, ನನ್ನ ನಂಬರ್ ಟ್ವೆಂಟಿ-ತ್ರೀ ಇಲ್ಲಿ ಹೀರೋ ಆಗಿದ್ದಾನೆ" ಎಂದೆ. ನಾನು ತಿಳಿದುಕೊಂಡದ್ದು ಸರಿಯೋ ತಪ್ಪೋ, ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನಿನ್ನ ಪಿಎಚ್‌ಡಿಗೆ ವಾಸನೆಯ ಪರೀಕ್ಷೆ ಕೊಟ್ಟ ನಲವತ್ತು ಮಂದಿ ಆರೋಗ್ಯವಂತರಲ್ಲಿ ಎಲ್ಲರ ಮೂಗೂ ವಯಸ್ಸಿಗೆ ತಕ್ಕ ಹಾಗಿದೆ. ಇಪ್ಪತ್ತಮೂರನೆಯವನಿಗೆ ಮಾತ್ರ ವಾಸನೆ ಹೆಚ್ಚುಕಡಿಮೆ ಸತ್ತೇ ಹೋಗಿದೆ. ಹಾಗಿದ್ದರೆ ಮಿದುಳಿನ ಫೋಟೋದಲ್ಲೂ ಏನಾದರೂ ಕಾಣಬೇಕು, ಆದರೆ ಫೋಟೋ ನೋಡಿದರೆ ಲಕಲಕ ಅನ್ನುತ್ತಿದೆ. ಇದು ಹೇಗೆ ಸಾಧ್ಯ ಎಂದು ನಿನ್ನ ಅಲ್ಲಿಯ ಮೇಡಮ್ಮಿಗೂ ಆಶ್ಚರ್ಯ. ಡಿಸೆಂಬರ್ ನಾಲ್ಕರಂದು ಬೇರೆ ಬೇರೆ ದೇಶದಿಂದ ತರಬೇತಿಗೆ ಬಂದ ಪಿಎಚ್‌ಡಿ ಮಕ್ಕಳೆಲ್ಲ ತಮ್ಮ ತಮ್ಮ ಕೆಲಸ ತೋರಿಸುವ ದಿನ, ಅಂದು ನೀನು ಅವನೊಬ್ಬನ ಬಗ್ಗೆಯೇ ಮಾತನಾಡುತ್ತೀಯ. ಇಷ್ಟು ಸರಿಯೇ?

ಅಮ್ಮ ಚಪಾತಿ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ನಾನು "ಒಳ್ಳೆಯದು ಮಗಾ" ಎಂದೆ. ಆ ಮೇಲೆ ನೀನು ಇನ್ನೊಂದು ಮಾತು ಹೇಳಿದೆ. ಮೂಗು ಮಂಕಾಗುವುದು ಕೆಲವರಲ್ಲಿ ಪಾರ್ಕಿನ್ಸನ್ ಅನ್ನುವ ಆ ನಡುಕದ ಕಾಯಿಲೆಯ ಮೊದಲ ಸೂಚನೆ, ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಬರುತ್ತದೆ, ಆದ್ದರಿಂದ ಇಪ್ಪತ್ತಮೂರನೆಯವರು ಒಮ್ಮೆ ಡಾಕ್ಟರನ್ನು ಕಾಣುವುದು ಒಳ್ಳೆಯದು, ಇಲ್ಲಿ ನಿನ್ನ ಪರೀಕ್ಷೆ ನಡೆಸಿಕೊಟ್ಟ ವೈಶಾಲಿಯಿಂದ ಹೇಳಿಸುತ್ತೇನೆ ಎಂದೆ. ನಾನು ಆಗ ಏನು ಹೇಳಿದೆ ಎಂದು ನನಗೆ ನೆನಪಿಲ್ಲ.

ವೈಶಾಲಿ ಹೇಳಿದಳು. ಆರನೆಯ ತಾರೀಕು ಗುರುವಾರ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಫೋನು ಬಂತು. ಬಂದದ್ದು ಸೀನನಿಗೆ.

ಹೌದು, ನಿನ್ನ ಇಪ್ಪತ್ತಮೂರು ಅಂದರೆ ನಮ್ಮ ಸೀನ. ಯಾವ ನಂಬರ್ ಯಾರದು ಎಂದು ನಿನಗೆ ಗೊತ್ತಾಗಬಾರದು, ಹೆಸರಿನ ಪಟ್ಟಿ ವೈಶಾಲಿಯ ಬೀಗದ ಕೆಳಗೇ ಇರಬೇಕು ಎನ್ನುವುದು ನಿಮ್ಮ ನಿಯಮ. ಅದನ್ನು ನಾನು ಮುರಿಯುತ್ತಿದ್ದೇನೆ. ಇನ್ನೊಂದು ನಿಯಮ ಇದಕ್ಕಿಂತ ಮೊದಲೇ ಮುರಿದು ಹೋಗಿದೆ, ಅದನ್ನು ಹೇಳಲಿಕ್ಕೆ ಬೇರೆ ದಾರಿ ಇಲ್ಲ.

ಸೀನನ ಕೈಯೆಲ್ಲ ಎಣ್ಣೆ. ಹಾಗಾಗಿ ಸ್ಪೀಕರ್ ಹಾಕಿದ. "ಶ್ರೀನಿವಾಸ ಕಾಕಾ, ನೀವು ಏನೂ ಹೆದರಬ್ಯಾಡ್ರಿ" ಎಂದು ಶುರು ಮಾಡಿದಳು ಆ ಬೆಳಗಾವಿ ಹುಡುಗಿ. "ನಿಮ್ಮ ತಲೀ ಫೋಟೋ ಭಾಳ ಚಲೋ ಬಂದೈತಿ. ಆದ್ರ ಮೂಗಿನ ಪರೀಕ್ಷಾದಾಗ ಮಾರ್ಕ್ಸ್ ಭಾಳ ಕಮ್ಮಿ ಅದಾವ್ರಿ. ಒಮ್ಮೆ ನರದ ಡಾಕ್ಟರಿಗೆ ತೋರಿಸ್ಕೊಂಡ್ ಬರ್ರಿ. ನಾನs ಚೀಟಿ ಕೊಡಸ್ತೀನಿ." ಸೀನ "ಆಯಿತು ಅಮ್ಮಾ" ಎಂದು ಫೋನಿಟ್ಟ. ಒಲೆಯ ಮೇಲಿನ ರಸಂ ಕುದಿಯುತ್ತಿತ್ತು, ಅದನ್ನು ಇಳಿಸಲಿಕ್ಕೂ ಯಾರಿಗೂ ನೆನಪಾಗಲಿಲ್ಲ.

ಮಗಾ, ಸೀನನ ಮೂಗಿಗೆ ಏನೂ ಆಗಿಲ್ಲ. ಆ ಪರೀಕ್ಷೆಗೆ ಕುಳಿತದ್ದು ಸೀನ ಅಲ್ಲ. ಅವನ ಬದಲಿ.

ಈ ಮಾತು ಓದಿ ನೀನು ತಲೆಗೆ ಕೈ ಹಚ್ಚುತ್ತೀ ಎಂದು ನನಗೆ ಗೊತ್ತು. ಸ್ವಲ್ಪ ತಾಳು. ಬದಲಿ ಅಂದರೆ ನಮಗೆ ಏನು ಎಂದು ನಿನಗೆ ಯಾವತ್ತೂ ಹೇಳಿರಲಿಲ್ಲ. ನಾನು ಹದಿನಾರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದಾಗ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ದೂಮಪ್ಪ ಎಂಬವನು ಕಾಲು ಮುರಿದುಕೊಂಡು ಊರಿಗೆ ಹೋಗಿದ್ದ. ಅವನ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಹಾಜರಿ ಪುಸ್ತಕದಲ್ಲಿ ದೂಮಪ್ಪ, ಮಲಗುವ ಜಾಗ ದೂಮಪ್ಪನದು, ಪೆಟ್ಟಿಗೆ ದೂಮಪ್ಪನದು. ಸೇಟು ಕರೆಯುವುದೂ "ಏ ದೂಮಾ" ಎಂದು. ನಾನು "ಬಂದೆ" ಅನ್ನುತ್ತಿದ್ದೆ. ಎರಡು ವರ್ಷ ಈ ಊರಿನಲ್ಲಿ ಮೋನಪ್ಪ ಇದ್ದದ್ದು ರಾತ್ರಿ ಶಾಲೆಯ ಪುಸ್ತಕದಲ್ಲಿ ಮಾತ್ರ. ಅದರಲ್ಲಿ ಮೋಸ ಎನ್ನುವುದು ಯಾರ ತಲೆಗೂ ಬರಲಿಲ್ಲ. ಜಾಗ ಖಾಲಿ ಬಿಡುವುದೇ ತಪ್ಪು. ಒಬ್ಬ ಹೋದರೆ ಅವನಿಗಿಂತ ಒಳ್ಳೆಯವನನ್ನು ನಿಲ್ಲಿಸಿ ಹೋಗುವುದು ಮರ್ಯಾದೆ. ನಮ್ಮ ಹೋಟೆಲಿನವರೆಲ್ಲ ಹೀಗೆಯೇ ಬದುಕಿದ್ದು.

ಜೂನ್ ತಿಂಗಳಿನಲ್ಲಿ ನೀನು ನಲವತ್ತು ಮಂದಿ ಬೇಕು, ಐವತ್ತು ದಾಟಿದವರು, ಕಾಯಿಲೆ ಇಲ್ಲದವರು ಎಂದು ಕೇಳಿದಾಗ ನಾನೇ ಅಲ್ಲವೇ ಸಯನ್, ಮಾಟುಂಗಾ, ವಿಕ್ರೋಳಿಯ ಹೋಟೆಲುಗಳಿಗೆ ಅಲೆದು ಒಟ್ಟು ಮಾಡಿದ್ದು. ಫಾರಿನ್ನಿನ ಡಬ್ಬಿಯಲ್ಲಿರುವ ವಾಸನೆಗಳು ನಮ್ಮವರಿಗೆ ಗೊತ್ತಾಗುವುದಿಲ್ಲ ಎಂದು ನೀನು ಕೊರಗುತ್ತಿದ್ದಾಗ ಇಂಗು ಹಾಕು, ಕರ್ಪೂರ ಹಾಕು, ತೆಂಗಿನೆಣ್ಣೆ ಹಾಕು, ಲವಂಗ ಹಾಕು ಎಂದು ಕುಳಿತು ಹೇಳಿದವನೂ ನಾನೇ. ಆ ಪೆನ್ನಿನಂಥ ಕಡ್ಡಿಗಳು ಹನ್ನೆರಡು ತಯಾರಾದಾಗ ನನ್ನ ಸ್ವಂತ ಅಡಿಗೆ ಬಡಿಸಿದಷ್ಟು ಸಂತೋಷವಾಗಿತ್ತು. "ಹಾಗಾದರೆ ಮೊದಲು ನನ್ನನ್ನೇ ತೆಗೆದುಕೋ" ಎಂದೆ. ನೀನು ನಕ್ಕೆ. "ಇಲ್ಲ ಪಪ್ಪಾ, ಸ್ವಂತದವರು ಇರಬಾರದು, ರೂಲ್ ಇದೆ" ಎಂದೆ.

ಸೀನನ ಪಾಳಿ ಬಂದ ದಿನ ಅವನಿಗೆ ಜೋರು ನೆಗಡಿ. ಹೆಸರಿಗೆ ತಕ್ಕ ಹಾಗೆ ಸೀನುತ್ತಾ ಕುಳಿತಿದ್ದ. ನೆಗಡಿಯ ಮೂಗು ತೆಗೆದುಕೊಂಡು ಹೋದರೆ ಸೊನ್ನೆ ಬರುತ್ತದೆ, ಹುಡುಗಿಯ ಕೆಲಸ ಹಾಳಾಗುತ್ತದೆ. ಆ ವಾರ ಪಟ್ಟಿ ಮುಗಿಯದಿದ್ದರೆ ನಿನ್ನ ಫಾರಿನ್ ಅರ್ಜಿಗೂ ಕುತ್ತು ಎಂದು ನೀನೇ ಮನೆಯಲ್ಲಿ ಹೇಳಿ ಅತ್ತಿದ್ದೆ. ನಾವು ಯೋಚನೆ ಮಾಡಿದೆವು. ಒಂದು ಒಳ್ಳೆಯ ಮೂಗನ್ನು ಕಳಿಸಿದರೆ ಆಯಿತಲ್ಲ, ಯಾರದಾದರೇನು? ಅಷ್ಟೇ ನಮ್ಮ ಬುದ್ಧಿ ಓಡಿದ್ದು. ಬದಲಿಯವನ ಮೂಗಿನ ಮೇಲೆ ಸೀನನಿಗೂ ಪೂರ್ತಿ ಭರವಸೆ ಇತ್ತು. ಹೊಗಳಿ ಕಳಿಸಿದ. ಬದಲಿಯವನು ಅಲ್ಲಿ ಹೋಗಿ ಶ್ರೀನಿವಾಸ ಎಂದು ಸಹಿ ಹಾಕಿದ. ನೀನು ಪರೀಕ್ಷೆಯ ಕೋಣೆಗೆ ಬರುವ ಹಾಗಿರಲಿಲ್ಲ. ವೈಶಾಲಿಗೆ ಇವರ ಮುಖ ಯಾರದೂ ಗೊತ್ತಿಲ್ಲ.

ಎರಡು ವಾರದ ಮೇಲೆ ಮಿದುಳಿನ ಫೋಟೋ ತೆಗೆಯುವ ದಿನ ಸೀನನ ನೆಗಡಿ ಹೋಗಿತ್ತು. ಅವನೇ ಹೋದ. ಫೋಟೋ ತೆಗೆದವರು ಬೇರೆ, ಅಲ್ಲಿ ವೈಶಾಲಿ ಇರಲಿಲ್ಲ. ಫೋಟೋದ ಒಂದು ಪ್ರತಿ ಕೊಟ್ಟರು ಎಂದು ಅಡಿಗೆಮನೆಯಲ್ಲಿ ದೇವರ ಪಟದ ಪಕ್ಕ ಅಂಟಿಸಿದ್ದಾನೆ, ಈಗಲೂ ಇದೆ. "ನೋಡು ಮಾರಾಯ, ನನಗೂ ಉಂಟು" ಎಂದು ಎಲ್ಲರಿಗೂ ತೋರಿಸುತ್ತಾನೆ.

ಅಂದರೆ ನಿನ್ನ ಇಪ್ಪತ್ತಮೂರನೆಯವನು ಒಬ್ಬನಲ್ಲ. ಮೂಗು ಒಬ್ಬನದು, ತಲೆ ಇನ್ನೊಬ್ಬನದು. ನಿನ್ನ ಮೇಡಮ್ಮಿಗೆ ಆಶ್ಚರ್ಯವಾದದ್ದು ಇದಕ್ಕೇ.

ಚಂಪಾ ಬರುತ್ತಿದ್ದಾಳೆ. "ನೀವು ಎಂತ ಅಷ್ಟು ಬರೆಯುವುದು, ಪರೀಕ್ಷೆಗೆ ಕೂತ ಹಾಗೆ?" ಅನ್ನುತ್ತಿದ್ದಾಳೆ. ಉಳಿದದ್ದನ್ನು ಕ್ಯಾಂಟೀನಿನಲ್ಲಿ ಬರೆಯುತ್ತೇನೆ.

ವಿಕ್ರೋಳಿ, ೧೮ ನವೆಂಬರ್, ಮಂಗಳವಾರ ಮಧ್ಯಾಹ್ನ

ಭಾನುವಾರ ಬರೆದದ್ದನ್ನು ಈಗ ಓದಿ ನೋಡಿದೆ. ಹರಿಯಬೇಕು ಅನ್ನಿಸಿತು. ಹರಿಯಲಿಲ್ಲ, ಯಾಕೆಂದರೆ ನಿನ್ನೆ ಸೀನ ನನ್ನ ಮೇಲೆ ಸಿಟ್ಟಾದ. ನಲವತ್ತು ವರ್ಷದ ಗೆಳೆತನದಲ್ಲಿ ಅವನು ಸಿಟ್ಟಾದದ್ದನ್ನು ನಾನು ಮೂರು ಸಲ ನೋಡಿರಬಹುದು.

ಆದದ್ದು ಹೀಗೆ. ವೈಶಾಲಿಯ ಚೀಟಿ ಸೀನನ ಮನೆಗೇ ಹೋಗಿ ಅವನ ಹೆಂಡತಿ ಗಂಗುಬಾಯಿಯ ಕೈಗೆ ಸಿಕ್ಕಿದೆ. ಚೀಟಿಯಲ್ಲಿ ಮಿದುಳು, ನರ ಎಂದೆಲ್ಲ ಬರೆದದ್ದನ್ನು ಪಕ್ಕದ ಮನೆಯವರಿಂದ ಓದಿಸಿಕೊಂಡಿದ್ದಾಳೆ. ಅಂದಿನಿಂದ ಗಂಡನನ್ನು ಲೋಕಲಿನಲ್ಲಿ ಒಬ್ಬನನ್ನೇ ಬಿಡುವುದಿಲ್ಲ. ಬೆಳಗ್ಗೆ ವಿಕ್ರೋಳಿಯವರೆಗೆ ತಾನೂ ಬಂದು, ಗೇಟಿನ ಹತ್ತಿರ ಬಿಟ್ಟು, ವಾಪಸು ಹೋಗಿ, ಸಂಜೆ ಕರೆದೊಯ್ಯಲು ಮತ್ತೆ ಬರುತ್ತಾಳೆ. ನನ್ನನ್ನು ಕಂಡರೆ ಕಣ್ಣಲ್ಲಿ ನೀರು. "ಭಾವೂ, ತುಮ್ಹೀ ಲಕ್ಷ ಠೇವಾ, ನೀವೇ ನೋಡಿಕೊಳ್ಳಿ, ಬೆಂಕಿ ಹತ್ತಿರ ಇವರನ್ನ ನಿಲ್ಲಿಸಬೇಡಿ" ಎಂದು ಕೈ ಮುಗಿಯುತ್ತಾಳೆ. ನಾನು ಅವಳ ಮುಖ ನೋಡಲಾಗದೆ ಅಕ್ಕಿ ಮೂಟೆ ಲೆಕ್ಕ ಹಾಕುವವನ ಹಾಗೆ ಆ ಕಡೆ ತಿರುಗುತ್ತೇನೆ.

ಸೀನ ಡಾಕ್ಟರ ಹತ್ತಿರವೂ ಹೋಗಿ ಬಂದ. ಬೇಡ ಎಂದರೂ ಹೋದ, ಹೆಂಡತಿ ಎಳೆದುಕೊಂಡು ಹೋದಳು. ಡಾಕ್ಟರು ಕೈ ತಟ್ಟಿಸಿ, ನಡೆಸಿ, ಕಾಫಿ ಪುಡಿ ಮೂಸಿಸಿ, "ನಿಮಗೆ ಏನಾಗಿದೆ? ಗಟ್ಟಿ ಇದ್ದೀರಿ" ಎಂದು ಕಳಿಸಿದರಂತೆ. ಅದರಿಂದ ಗಂಗುಬಾಯಿಗೆ ಸಮಾಧಾನ ಆಗಬೇಕಲ್ಲ? ಇಲ್ಲ. ಫಾರಿನ್ನಿನ ಮಿಶಿನ್ನು ಹಿಡಿದದ್ದು ಈ ಡಾಕ್ಟರಿಗೆ ತಿಳಿದಿಲ್ಲ ಎಂದು ಅವಳಿಗೆ ಇನ್ನೂ ಹೆದರಿಕೆ.

ನಿನ್ನೆ ಪಾತ್ರೆ ಕವುಚುವ ಹೊತ್ತಿಗೆ ಸೀನ ಹತ್ತಿರ ಬಂದು ಹೇಳಿದ: "ಮೋನಪ್ಪಾ, ನನಗೆ ಇಲ್ಲದ ಕಾಯಿಲೆಗೆ ನನ್ನ ಹೆಂಡತಿ ಅಳುವುದು ಸಾಕು. ಇದ್ದವನಿಗೆ ಅಳುವವರೇ ಇಲ್ಲ. ಇದು ಎಂತ ನ್ಯಾಯ? ನೀನು ಯಕ್ಷಿತಾಳಿಗೆ ಹೇಳದಿದ್ದರೆ ನಾಳೆ ನಾನೇ ಫೋನು ಮಾಡ್ತೇನೆ." ಬದಲಿಯವನ ಕಾಯಿಲೆ ಇನ್ನೂ ಯಾರೂ ನೋಡಿಲ್ಲ, ಇದೆ ಎಂದು ಹೇಗೆ ಹೇಳುವುದು ಎಂದೆ. "ನೋಡಲಿಕ್ಕೆ ಬಿಟ್ಟರೆ ಅಲ್ಲವಾ ಗೊತ್ತಾಗುವುದು" ಎಂದ.

ನೀನು ಕೇಳುವ ಮೊದಲೇ ಆ ಬದಲಿಯವನು ಏನು ಹೇಳುತ್ತಾನೆ ಎಂದು ಬರೆಯುತ್ತೇನೆ, ನಿನಗೆ ಉಪಯೋಗಕ್ಕೆ ಬರಬಹುದು. ಅವನಿಗೇ ಏನೂ ಸರಿಯಾಗಿ ಅರ್ಥವಾಗಿಲ್ಲ. ಮೊದಲ ಕಡ್ಡಿ ಮೂಗಿನ ಹತ್ತಿರ ಹಿಡಿದಾಗ ವೈಶಾಲಿ ಮುಚ್ಚಳ ತೆಗೆಯುವುದನ್ನು ಮರೆತಿದ್ದಾಳೆ ಎಂದುಕೊಂಡನಂತೆ. ಎರಡನೆಯದಕ್ಕೆ, ಇದು ಸುಮ್ಮನೆ ಮೋಸ ಹಿಡಿಯಲಿಕ್ಕೆ ಇಟ್ಟ ಬರೀ ನೀರಿನ ಕಡ್ಡಿ ಇರಬೇಕು ಎಂದುಕೊಂಡ. ನಾಲ್ಕನೆಯದು ಸ್ವಲ್ಪ ಚುರುಕ್ ಅಂದಿತು, ಕರ್ಪೂರ ಎಂದ. ಉಳಿದದ್ದೆಲ್ಲ ಅಂದಾಜು. ಮನೆಗೆ ಹೋಗಿ ಇಂಗಿನ ಡಬ್ಬಿ ತೆಗೆದು ಮೂಸಿದರೆ ಇಂಗಿನ ವಾಸನೆ ಬಂತಂತೆ! ಮರುದಿನ ಚಂಪ... ಮರುದಿನ ಹೆಂಡತಿ ಅವನಿಗೆ ಹೇಳದೆ ಆ ಡಬ್ಬಿ ತೊಳೆದು ಅದರಲ್ಲಿ ಅಕ್ಕಿ ಹಿಟ್ಟು ತುಂಬಿದ್ದಳು. ಅದನ್ನು ಮೂಸಿದಾಗಲೂ ಇಂಗೇ ಬಂತು. ಹಾಗಾದರೆ ಬಂದದ್ದು ವಾಸನೆಯೋ, ಡಬ್ಬಿ ನೋಡಿ ಆದ ನೆನಪೋ? ಇಷ್ಟು ದಿನ ಬರುತ್ತಿದ್ದದ್ದರಲ್ಲಿ ಎಷ್ಟು ವಾಸನೆ, ಎಷ್ಟು ನೆನಪು? ಇದಕ್ಕೆ ನಿಮ್ಮ ವಿದ್ಯೆಯಲ್ಲಿ ಏನಾದರೂ ಹೆಸರಿದ್ದರೆ ತಿಳಿಸು. ಕೊರೊನಾ ಬಂದಾಗ ಅವನ ಮೂಗು ಹೋಗಿ ಬಂದಿತ್ತು. ಅಥವಾ ಬರಲೇ ಇಲ್ಲವೋ, ಅದೂ ಅವನಿಗೆ ಗೊತ್ತಿಲ್ಲ. ಅದರಿಂದಲೇ ಹೀಗೆ ಆಗಿರಬಹುದಲ್ಲವೇ? ವಯಸ್ಸಿಗೂ ಆಗುತ್ತದೆ ಎಂದು ನೀನೇ ಹೇಳಿದ್ದೆ. ಅರುವತ್ತೊಂದು ವಯಸ್ಸೇ ಅಲ್ಲವೇ? ಒಂದು ದಿನ ಅವನು ಏನೂ ಇಲ್ಲ ಎಂದು ಹೊದ್ದು ಮಲಗುತ್ತಾನೆ, ಮರುದಿನ ಬೆಳಗ್ಗೆ ಎದ್ದು ಲೋಟ ಹಿಡಿದ ಕೈಯನ್ನೇ ನೋಡುತ್ತಾ ಕೂರುತ್ತಾನೆ. ಅವನ ಹೆಸರನ್ನು ಕೊನೆಯಲ್ಲಿ ಬರೆಯುತ್ತೇನೆ.

ಈಗ ನೀನು ಮಾಡಬೇಕಾದದ್ದು. ಡಿಸೆಂಬರ್ ನಾಲ್ಕಕ್ಕೆ ಮೊದಲು ನಿನ್ನ ಮೇಡಮ್ಮಿನ ಹತ್ತಿರ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳು. ನಗುತ್ತಾರೋ ಬೈಯುತ್ತಾರೋ ನನಗೆ ತಿಳಿಯದು. ಬದಲಿ ಎನ್ನುವುದಕ್ಕೆ ಅವರ ಭಾಷೆಯಲ್ಲಿ ಶಬ್ದ ಇದೆಯೋ ಇಲ್ಲವೋ. ತಪ್ಪು ನಿನ್ನದಲ್ಲ, ಹೋಟೆಲಿನ ಮುದುಕರದು ಎಂದು ಹೇಳು. ನಾಲ್ಕು ಜನರ ಎದುರು ನೀನು ಅವನನ್ನು ಹೀರೋ ಮಾಡಿ ನಿಲ್ಲಿಸಿದ ಮೇಲೆ ಯಾರಾದರೂ ಎದ್ದು ಕೇಳಿದರೆ ನಿನ್ನ ಮರ್ಯಾದೆ ಏನಾಗಬೇಕು? ಆ ಹೆದರಿಕೆಯಲ್ಲಿ ನನಗೆ ಹತ್ತು ದಿನದಿಂದ ಅನ್ನ ಸೇರಿಲ್ಲ. ಉಳಿದ ಮೂವತ್ತೊಂಬತ್ತು ಮಂದಿಯನ್ನೂ ಒಬ್ಬೊಬ್ಬರಾಗಿ ಕೇಳಿದ್ದೇನೆ. ಯಾರೂ ಬದಲಿ ಕಳಿಸಿಲ್ಲ, ದೇವರ ಆಣೆ ಹಾಕಿಸಿಕೊಂಡಿದ್ದೇನೆ. ನಿನ್ನ ಕೆಲಸದಲ್ಲಿ ಹೊಲಸಾದದ್ದು ಒಂದೇ ಜಾಗ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಇದನ್ನು ಓದಿ ಟಿಕೆಟ್ ಮಾಡಬೇಡ. ಆರು ತಿಂಗಳ ತರಬೇತಿಯಲ್ಲಿ ಅರ್ಧವೂ ಆಗಿಲ್ಲ. ಈ ಅವಕಾಶಕ್ಕಾಗಿ ನೀನು ಎರಡು ವರ್ಷ ಅರ್ಜಿ ಹಾಕಿದವಳು. ಫೆಬ್ರವರಿ ಮುಗಿಸಿಯೇ ಬಾ. ಬದಲಿಯವನನ್ನು ಸೀನ ಈ ಶುಕ್ರವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ, ಅವನ ಸ್ವಂತ ಹೆಸರಿನಲ್ಲಿ. ಗಂಗುಬಾಯಿಗೆ ಇವತ್ತು ಸಂಜೆ ಗೇಟಿನ ಹತ್ತಿರ ನಿಜ ಹೇಳುತ್ತೇವೆ. ಅವಳು ಇಬ್ಬರಿಗೂ ಚಪ್ಪಲಿಯಲ್ಲಿ ಹೊಡೆದರೆ ಹೊಡೆಸಿಕೊಳ್ಳುತ್ತೇವೆ.

ಚಳಿಗೆ ಕಿವಿ ಮುಚ್ಚಿಕೋ. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ ಮುಗಿಯಿತು ಎಂದಿದ್ದೆ, ಯಾರಾದರೂ ಆ ಕಡೆ ಬರುವವರಿದ್ದರೆ ತಿಳಿಸು, ಕಳಿಸುತ್ತೇನೆ. ಈ ಸಲ ಸೀನ ಹುರಿಯುತ್ತಾನೆ. ನಿನ್ನ ವಿದ್ಯೆ ಬೆಳೆಯಲಿ, ನಿನ್ನ ಕೈ ಹಿಡಿದ ಕೆಲಸ ಸ್ವಚ್ಛವಾಗಿ ಮುಗಿಯಲಿ, ಊರ ದೈವಗಳು ಆ ಹಿಮದಲ್ಲೂ ನಿನ್ನ ಜೊತೆಗಿರಲಿ.

ಇಂತಿ ನಿನ್ನ ಪಪ್ಪ,
ಮೋನಪ್ಪ

ತಾ.ಕ.: ಹೆಸರು ಕೊನೆಯಲ್ಲಿ ಬರೆಯುತ್ತೇನೆ ಎಂದಿದ್ದೆ. ಸಹಿಯನ್ನೂ ಹಾಕಿಬಿಟ್ಟೆ, ಇನ್ನೂ ಬರೆಯಲಿಲ್ಲ. ಅದು ನಾನು ಮಗಾ. ನಿನಗೆ ಎಲ್ಲಿಯೋ ನಡುವೆಯೇ ಗೊತ್ತಾಗಿರಬೇಕು.

ಕ್ಯಾಂಟೀನಿನಲ್ಲಿ ಮೂರು ತಿಂಗಳಿನಿಂದ ಸೀನ ನನ್ನ ಹಿಂದೆ ಹಿಂದೆ ಬಂದು ಮುಚ್ಚಳ ತೆಗೆದು ಸರಿ ಮಾಡುತ್ತಿದ್ದನಂತೆ. ತಳ ಹಿಡಿದ ಎರಡು ದಿನವೂ ಅವನು ರಜೆ. ನನಗೆ ಇದು ನಿನ್ನೆ ತಿಳಿಯಿತು. ನನ್ನ ಮೂಗಿಗೆ ಅಲ್ಲಿಯೂ ಬದಲಿ ಇತ್ತು.

ವೈಶಾಲಿ ಆ ದಿನ ಒಂದೇ ವಾಕ್ಯವನ್ನು ಹತ್ತು ಸಲ ಬರೆಸಿದಳು. "ನಾನು ಮುಂಬಯಿಯಲ್ಲಿದ್ದೇನೆ" ಎಂದು ಬರೆದೆ. ಬರೆಯುತ್ತಾ ಹೋದ ಹಾಗೆ ಅಕ್ಷರ ಸಣ್ಣದಾಗುತ್ತದೆಯೇ ನೋಡಲಿಕ್ಕೆ, ಅದೂ ಆ ನಡುಕದ ಕಾಯಿಲೆಯ ಒಂದು ಗುರುತು ಎಂದು ಆಮೇಲೆ ನಿನ್ನ ಬಾಯಿಯಿಂದಲೇ ಕೇಳಿದೆ. ಭಾನುವಾರದ ಮೊದಲ ಪುಟವನ್ನೂ ಈ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡು. ಕಾಗದ ಉಳಿಸಲಿಕ್ಕೆ ನಾನು ಹೀಗೆ ಬರೆದದ್ದಲ್ಲ.

ಇದೆಲ್ಲ ಇರಲಿ. ನೀನು ಹೊರಟ ದಿನ ಬೆಳಗ್ಗೆ ಅಮ್ಮ ನಿನಗೆ ಎಣ್ಣೆ ಹಾಕಿ ತಲೆ ಬಾಚಿ ಊರಿನಿಂದ ಬಂದ ಮಲ್ಲಿಗೆ ಮುಡಿಸಿದ್ದಳು. ನೀನು ಬಂದು ನನ್ನ ಎದೆಗೆ ತಲೆಯಿಟ್ಟೆ. ಮೂರು ತಿಂಗಳ ಮಗುವಾಗಿದ್ದಾಗಿನಿಂದ ನನಗೆ ಗೊತ್ತಿರುವ ತಲೆ. ಕತ್ತಲಲ್ಲಿ ನೂರು ಮಕ್ಕಳನ್ನು ಮಲಗಿಸಿದರೂ ಆರಿಸಿ ತೆಗೆಯುತ್ತಿದ್ದೆ. ನಾನು ಉಸಿರು ಎಳೆದೆ, ಇನ್ನೊಮ್ಮೆ ಎಳೆದೆ. ಏನೂ ಬರಲಿಲ್ಲ. ಟ್ಯಾಕ್ಸಿಯವನು ಹಾರ್ನ್ ಹಾಕುತ್ತಿದ್ದ, ನೀನು "ಬಿಡಿ ಪಪ್ಪಾ, ತಡವಾಗ್ತದೆ" ಎಂದೆ, ನಾನು ಬಿಡಲಿಲ್ಲ. ನೀನು ಹೋಗುತ್ತಿದ್ದೀ ಎಂದು ನಾನು ಅತ್ತೆ ಅಂದುಕೊಂಡೆ ನೀನು.

ವೈಶಾಲಿಯ ಪಟ್ಟಿಯಲ್ಲಿ ಇಪ್ಪತ್ತಮೂರರ ಎದುರು ಸೀನನ ಹೆಸರಿದೆ. ಅದನ್ನು ಹೊಡೆದು ಹಾಕಿಸು. ಆ ಜಾಗ ಖಾಲಿ ಇದೆ ಎಂದು ನನ್ನ ಹೆಸರು ಮಾತ್ರ ಬರೆಯಬೇಡ. ಸ್ವಂತದವರು ಇರಬಾರದು ಎಂದು ನೀನೇ ಹೇಳಿದ್ದೆಯಲ್ಲ.